ಅಲುಗಾಡದೆ ಕೂತವರು

“ಮೇಡಂ, ಕೈಲಿ ವಾಚಿದ್ರೆ ಬಿಚ್ಚಿಡಿ,” ಎಂದಳು ಹುಡುಗಿ.

ನಾನು ನನ್ನ ಬಚ್ಚಲುಮನೆಯ ಬಾಗಿಲಿನ ಸಂದಿಗೆ ಟವೆಲ್ ತುರುಕುತ್ತಿದ್ದೆ. ಹೊರಗೆ ರಣಬಿಸಿಲು, ಒಳಗೆ ನಮ್ಮ ಕೈ ನಮಗೇ ಕಾಣದಷ್ಟು ಕತ್ತಲು. ನಾನು ವಾಚು ಕಟ್ಟುವವಳಲ್ಲ ಎಂದೆ. ಹಾಗಾದರೆ ತನ್ನದನ್ನೇ ಬಿಚ್ಚಬೇಕು ಎಂದುಕೊಂಡು ಅವಳು ಬಲಗೈ ಮುಂದೆ ತಂದಳು. ಕತ್ತಲಲ್ಲಿ ದೊಡ್ಡ ಗುಂಡು ಡಯಲೊಂದು ಹಸಿರಾಗಿ ಮಿನುಗಿತು. ಅದು ಅವಳ ಅಜ್ಜನ ಗಂಡಸರ ವಾಚು. ಅಷ್ಟು ಬೆಳಕು ಬಿದ್ದರೂ ಫಿಲ್ಮು ಕೆಡುತ್ತದೆ ಎಂಬುದು ಅವಳ ದೊಡ್ಡಪ್ಪನ ಕಟ್ಟಪ್ಪಣೆಯಂತೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಸೋಪಿನ ಹಲಗೆಯ ಮೇಲಿಟ್ಟ ಸದ್ದು ಕೇಳಿಸಿತು.

ಆ ದೊಡ್ಡಪ್ಪ ತೀರಿಕೊಂಡು ವಾರವಾಗಿತ್ತು. ತೂಗುಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರು. ಕುಡಿದ ಟೀಯಲ್ಲಿ ನಿದ್ದೆ ಬಂದ ಹಾಗೆ ನಿಮಿಷಗಳಲ್ಲೇ ಉಸಿರು ನಿಲ್ಲಿಸುವ ವಿಷ ಬೆರೆತಿತ್ತು. ಬೆರೆಸಿದವನು ಅವರ ಸ್ವಂತ ತಮ್ಮನೇ ಎಂದು ಪೊಲೀಸರು ನಿನ್ನೆ ಅವನನ್ನು ಲಾಕಪ್ಪಿಗೆ ಹಾಕಿದ್ದರು. ಆ ತಮ್ಮನೇ ಈ ಹುಡುಗಿಯ ಅಪ್ಪ. ನಾಳೆ ಬೆಳಿಗ್ಗೆ ಕೋರ್ಟಿಗೆ ಕರೆದೊಯ್ದರೆ ಅವನು ಸದ್ಯಕ್ಕೆ ಹೊರಗೆ ಬರುವ ಮಾತಿರಲಿಲ್ಲ. ಅವನನ್ನು ಬಿಡಿಸಲು, ಖಾಸಗಿ ಪತ್ತೇದಾರಿಕೆ ಮಾಡುವ ನನ್ನ ಕೈಯಲ್ಲಿದ್ದದ್ದು ಒಂದು ಬಿಸ್ಕತ್ತಿನ ಡಬ್ಬಿ.

ಬರೀ ಡಬ್ಬಿಯಲ್ಲ. ದೊಡ್ಡಪ್ಪ ತಮ್ಮ ಕೈಯಾರೆ ಮಾಡಿದ ಪಿನ್‌ಹೋಲ್ ಕ್ಯಾಮರಾ. ಒಳಗೆಲ್ಲ ಶಾಲೆಯ ಕಪ್ಪುಹಲಗೆಗೆ ಬಳಿಯುವ ಬಣ್ಣ. ಮುಂದುಗಡೆ ತಂಪು ಪಾನೀಯದ ಡಬ್ಬಿಯಿಂದ ಕತ್ತರಿಸಿದ ತೆಳು ತಗಡು, ಅದರ ನಡುವೆ ಅತಿ ಸಣ್ಣ ಸೂಜಿಯಿಂದ ಚುಚ್ಚಿ ಪಾಲಿಷ್ ಪೇಪರಿನಲ್ಲಿ ನುಣುಪು ಮಾಡಿದ ಒಂದು ತೂತು. ಲೆನ್ಸಿಲ್ಲ, ಒತ್ತುವ ಗುಂಡಿಯಿಲ್ಲ. ಫಿಲ್ಮು ಮುಂದಕ್ಕೆ ಸುತ್ತುವುದಕ್ಕೆ ಹಳೆಯ ರೇಡಿಯೋದ ತಿರುಪು. ತೂತಿನ ಮೇಲೊಂದು ಕರಿ ಟೇಪು. ಕಿತ್ತರೆ ಫೋಟೋ ಶುರು, ಮತ್ತೆ ಅಂಟಿಸಿದರೆ ಮುಗಿಯಿತು.

ಮನೆಯೊಳಗಿನ ಬೆಳಕಿಗೆ ಆ ತೂತನ್ನು ಕಾಲು ಗಂಟೆಗೂ ಹೆಚ್ಚು ತೆರೆದಿಡಬೇಕು. ಅಷ್ಟು ಹೊತ್ತೂ ಅಲುಗಾಡದೆ ಕೂತವರು ಚಿತ್ರದಲ್ಲಿ ಬರುತ್ತಾರೆ. ಅಲುಗಾಡಿದವರು ಹೊಗೆಯಾಗುತ್ತಾರೆ. ಸುಮ್ಮನೆ ನಡೆದುಹೋದವರು ಬರುವುದೇ ಇಲ್ಲ.

ಇದರಲ್ಲೊಂದು ಚಿತ್ರವಿದೆ ಎಂದು ಪೊಲೀಸರಿಗೆ ಹೇಳಿದವನು ಸತ್ತವರ ಹೆಂಡತಿಯ ತಮ್ಮ. ಊರಿಗೆಲ್ಲ ಅವನು ಟೈಲರ್ ಮಾವ. ಅಂದು ಸಂಜೆ ನಾಲ್ಕಕ್ಕೆ ತಾನು ಹೋದೆ, ಭಾವ ಫೋಟೋ ತೆಗೆದರು, ಹರಟೆ ಹೊಡೆದರು, ಐದಕ್ಕೆ ಮೊದಲು ತಾನು ಹೊರಟಾಗ ಗುಂಡುಕಲ್ಲಿನ ಹಾಗಿದ್ದರು ಎಂದು ಅವನ ಹೇಳಿಕೆ. ಐದಕ್ಕೆ ಹುಡುಗಿಯ ಅಪ್ಪ ಅಲ್ಲಿಗೆ ಹೋದದ್ದನ್ನು ಬೀದಿಯೆಲ್ಲ ಕಂಡಿತ್ತು. ತಾನು ಹೋದಾಗಲೇ ಅಣ್ಣ ಸತ್ತಿದ್ದ ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಇನ್ನೇನು ಬೇಕು ಪೊಲೀಸರಿಗೆ? ಡಬ್ಬಿಯನ್ನು ಗುಜರಿ ಎಂದು ನನ್ನ ಕೈಗೆ ಕೊಟ್ಟು ಕಳಿಸಿದ್ದರು.

“ಹಾಳಾಗಿರುತ್ತೆ ಬಿಡಿ ಮೇಡಂ,” ಎಂದು ಹುಡುಗಿ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು. ಸ್ಟುಡಿಯೋದವರಿಗೆ ಕೊಡುತ್ತೇನೆ ಎಂದಾಗ ಮಾತ್ರ, ಬೇಡ, ದೊಡ್ಡಪ್ಪ ತನಗೆ ಕಲಿಸಿದ್ದಾರೆ, ತಾನೇ ತೊಳೆಯುತ್ತೇನೆ ಎಂದು ಹಠ ಹಿಡಿದಳು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿ, ಮಾತು ಕಡಿಮೆ, ಕೈ ನಿಧಾನ. ಅಂದು ಕೂಡ ಗ್ರಂಥಾಲಯ ಮುಚ್ಚುವವರೆಗೆ ಅಲ್ಲೇ ಇದ್ದು, ದೊಡ್ಡಪ್ಪ ಹೋದ ಸುದ್ದಿ ಫೋನಿನಲ್ಲಿ ಕೇಳಿದೆ ಎಂದಿದ್ದಳು. ಅವಳ ಮೇಲೆ ನನಗೆ ಮಮತೆ ಹುಟ್ಟಿತ್ತು. ಈ ಕಸುಬಿನಲ್ಲಿ ಅದು ಒಳ್ಳೆಯದಲ್ಲ.

ಅವಳು ಫಿಲ್ಮಿನ ಎರಡೂ ತುದಿ ಹಿಡಿದು ಟ್ರೇಯ ದ್ರಾವಣದಲ್ಲಿ ಅತ್ತಿತ್ತ ಜಾರಿಸತೊಡಗಿದಳು. ನೀರಿನ ಪಿಸುಗುಡುವ ಸದ್ದು, ಮೂಗಿಗೆ ಹುಳಿ ವಾಸನೆ. ಸ್ವಲ್ಪ ಹೊತ್ತಿಗೆ ತೋಳು ನೋಯುತ್ತಿದೆ ಎಂದು ನನ್ನ ಕೈಗೆ ದಾಟಿಸಿದಳು. ಆಗಲೇ ಹಾಲಿನಲ್ಲಿ ನನ್ನ ಫೋನು ಬಡಿದುಕೊಂಡಿತು, ಹಿಂದೆಯೇ ಬಾಗಿಲಿನ ಚಿಲಕ ಸರಿದ ಸದ್ದಾಯಿತು. ನಾನು ಬೆನ್ನಿನಿಂದಲೇ ಬಾಗಿಲನ್ನು ಒತ್ತಿ ಹಿಡಿದೆ.

“ತೆಗೆದ್ರೆ ನಿಮ್ಮಪ್ಪನ ಕಥೆ ಮುಗೀತು, ಮಗೂ.”

“ಅಪ್ಪನ ವಿಷಯವೇನೋ ಅಂತ ಗಾಬರಿಯಾಯ್ತು ಮೇಡಂ.”

ಪಾಪ ಅನ್ನಿಸಿತು. ಚಿಲಕವನ್ನು ಮತ್ತೆ ಹಾಕಿಸಿದೆ.

ಎರಡನೇ ಟ್ರೇಯ ಕೆಲಸವೂ ಮುಗಿದ ಮೇಲೆ ದೀಪ ಹಾಕಿದೆವು. ಹೊಸ ರೋಲು, ಅದರಲ್ಲಿ ಒಂದೇ ಚಿತ್ರ. ಬಿಳಿಯದೆಲ್ಲ ಕಪ್ಪು, ಕಪ್ಪಿದ್ದದ್ದೆಲ್ಲ ತಿಳಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿಸಿ, ಫೋನಿನಲ್ಲಿ ತೆಗೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡಿದೆ.

ದೊಡ್ಡಪ್ಪನ ಕೋಣೆ. ಗೋಡೆಯಲ್ಲಿ ಗಡಿಯಾರ. ಎಡಗಡೆ ಅತಿಥಿಯ ಕುರ್ಚಿಯಲ್ಲಿ ಕರಿ ಕೋಟು ತೊಟ್ಟ ಟೈಲರ್ ಮಾವ. ಮುಖ ಕಲಸಿದ ಹಾಗಿತ್ತು, ಆದರೆ ಮೀಸೆ ಅವನದೇ. ಬಲಗಡೆ ತೂಗುಕುರ್ಚಿಯಲ್ಲಿ ದೊಡ್ಡಪ್ಪ. ಹಿಂದಕ್ಕೊರಗಿದ ತಲೆ, ಕನ್ನಡಕದ ಗಾಜುಗಳಲ್ಲಿ ಕಿಟಕಿಯ ಬೆಳಕಿನ ಎರಡು ಚುಕ್ಕೆ, ಅಂಗಿಯ ಗುಂಡಿಗಳ ಸಾಲು. ತಲೆಯ ಹಿಂದೆ ತುಸು ಹೊಗೆ ಇತ್ತು, ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹುಡುಗಿ ತುಂಬ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ದೊಡ್ಡಪ್ಪ ಹೊಗೆಯಾಗಿಲ್ಲ.”

ಆ ಮನೆಯ ಗೋಡೆಗಳನ್ನು ನಾನು ನೋಡಿದ್ದೆ. ನೆಂಟರು, ನೆರೆಯವರು, ಅಂಚೆಯವನು, ಎಲ್ಲರೂ ಅತಿಥಿಯ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡವರೇ, ಮತ್ತು ಪ್ರತಿ ಚಿತ್ರದಲ್ಲೂ ಪಕ್ಕದ ತೂಗುಕುರ್ಚಿಯಲ್ಲಿ ಬರೀ ಹೊಗೆ. ಟೇಪು ಕಿತ್ತು ಬಂದು ಕೂತರೆಂದರೆ ಅವರು ತೂಗಿಕೊಳ್ಳುತ್ತ, ಕೈ ಆಡಿಸುತ್ತ, ಕಥೆ ಹೇಳುವರು. ಪಕ್ಕದಲ್ಲಿ ಕೂತವರಿಗೆ ಬೇಜಾರಾಗಬಾರದಲ್ಲ. ತಾನು ಯಾರ ಫೋಟೋದಲ್ಲೂ ಬರುವವನಲ್ಲ ಎಂದು ನಗುತ್ತಿದ್ದರಂತೆ.

ಈ ಒಂದು ಚಿತ್ರದಲ್ಲಿ ಬಂದಿದ್ದರು. ಅಷ್ಟು ಹೊತ್ತು ಉಸಿರು ಕೂಡ ಆಡದ ಹಾಗೆ.

“ಮಾವನೇ ಮೇಡಂ,” ಎಂದಳು ಹುಡುಗಿ. “ಸತ್ತವರನ್ನ ಪಕ್ಕದಲ್ಲಿಟ್ಕೊಂಡು ಫೋಟೋ ತೆಗೆಸ್ಕೊಂಡಿದಾರೆ. ಅಪ್ಪನ್ನ ಬಿಡ್ತಾರಲ್ಲ?”

ಬಿಡದೆ ಏನು ಮಾಡುತ್ತಾರೆ ಎಂದೆ. ಅವಳ ತಲೆ ಸವರಿದೆ ಕೂಡ. ಫಿಲ್ಮು ಇನ್ನೂ ಒದ್ದೆಯಿತ್ತು, ಹಿಡಿದುಕೊಂಡು ಓಡುವಂತಿರಲಿಲ್ಲ. ಬಟ್ಟೆ ಹಗ್ಗಕ್ಕೆ ಎರಡು ಕ್ಲಿಪ್ಪಿನಲ್ಲಿ ತೂಗುಹಾಕಿದೆವು. ಧೂಳು ಕೂರದ ಹಾಗೆ ತಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಬನ್ನಿ ಎಂದಳು. ನಾನು ಮನೆಯ ಬೀಗದ ಕೈಯನ್ನೂ ಅವಳಿಗೇ ಕೊಟ್ಟೆ.

ಜೆರಾಕ್ಸ್ ಅಂಗಡಿಯವನು ಫೋನಿನ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಇಳಿಸಿಕೊಟ್ಟ. ದೆವ್ವದ ಸಿನಿಮಾನಾ ಮೇಡಂ ಎಂದು ಕೇಳಿದ. ಹೌದು, ನಾಯಕಿ ನಾನೇ ಎಂದೆ.

ದಾರಿಯಲ್ಲಿ ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ಅವರು ಕೇಳಿಸಿಕೊಂಡರು, ಆಕಳಿಸಿದರು, ಮೊಬೈಲಿನ ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದು ಎಂದರು. ಅಸಲಿ ಫಿಲ್ಮು ಬೇಕು, ಟೈಲರ್ ತನ್ನ ಬಾಯಿಯಿಂದ ಒಪ್ಪಿಕೊಳ್ಳಬೇಕು. ಎರಡೂ ಸಂಜೆಯೊಳಗೆ ಬಂದರೆ ಹುಡುಗಿಯ ಅಪ್ಪನನ್ನು ಕೋರ್ಟಿಗೆ ಕಳಿಸುವ ಮಾತು ನಿಲ್ಲಿಸುತ್ತೇನೆ ಎಂದರು.

ಟೈಲರ್ ಮಾವನ ಅಂಗಡಿ ಉದ್ದನೆಯ ಪೆಟ್ಟಿಗೆಯಂಥ ಕೋಣೆ. ಎರಡು ಹೊಲಿಗೆ ಮೆಷಿನ್ನು, ಹಿಂದುಗಡೆ ತೊಟ್ಟು ನೋಡುವವರಿಗೆ ಪರದೆ, ಆಳೆತ್ತರದ ಕನ್ನಡಿ. ಅವನು ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ನನ್ನ ಕೈಯ ಹಾಳೆ ಕಂಡೊಡನೆ ಮುಖ ಅರಳಿತು.

“ಬಂತಾ ಫೋಟೋ? ನಾನು ಹೇಳ್ಲಿಲ್ವಾ ಮೇಡಂ, ನಾನು ಅಲ್ಲಿದ್ದದ್ದು ನಿಜ ಅಂತ?”

ನಿಜ, ಚೆನ್ನಾಗಿಯೇ ಬಂದಿದ್ದೀರಿ ಎಂದೆ. ಹಾಳೆಯನ್ನು ಬಟ್ಟೆಯ ಮೇಲೆ ಮಗುಚಿಟ್ಟೆ. ಅವನು ಸ್ಟೂಲು ಎಳೆದುಕೊಟ್ಟ, ನಾನು ಕೂರಲಿಲ್ಲ.

“ಟೇಪು ತೆಗೆದದ್ದು ಯಾರು?”

“ಭಾವನೇ.”

“ಆಮೇಲೆ?”

“ಪಕ್ಕದಲ್ಲಿ ಕೂತ್ರು. ಯಾವಾಗ್ಲೂ ಹಾಗೇ ಅಲ್ವಾ, ತೂಗ್ತಾ ಮಾತಾಡ್ತಾ ಇದ್ರು.”

“ತೂಗ್ತಾ ಇದ್ರು?”

“ತೂಗದೆ ಕೂತದ್ದನ್ನ ನಾನಂತೂ ನೋಡಿಲ್ಲ.”

ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುವವರಿಗೆ ನಾವು ಗುದ್ದಲಿ ಕೊಡಬೇಕಾಗಿಲ್ಲ. ಹಾಳೆಯನ್ನು ತಿರುವಿ ಅವನ ಮುಂದೆ ಸರಿಸಿದೆ.

“ಭಾವ ತೊಟ್ಟಿರೋ ಅಂಗಿ ನೀವೇ ಹೊಲಿದದ್ದಂತೆ. ಅದರ ಗುಂಡಿ ಎಣಿಸಿ.”

ಅವನು ನಗುತ್ತಲೇ ಬಗ್ಗಿದ. ಬೆರಳಿಟ್ಟು ಒಂದು, ಎರಡು ಎಂದ. ಮೂರಕ್ಕೆ ಬೆರಳು ನಿಂತಿತು. ದಿನವಿಡೀ ಜನರನ್ನು ನಿಲ್ಲಿಸಿ ಅಳೆಯುವವನಿಗೆ ಅಲುಗಾಡುವ ಮೈ ಯಾವುದು, ಅಲುಗಾಡದ ಮೈ ಯಾವುದು ಎಂದು ನಾನು ವಿವರಿಸಬೇಕಾಗಲಿಲ್ಲ. ಕೈಯ ಸೀಮೆಸುಣ್ಣ ಎರಡು ತುಂಡಾಗಿ ನೆಲಕ್ಕೆ ಬಿತ್ತು.

“ನಾನು ಕೊಂದಿಲ್ಲ ಮೇಡಂ.”

“ಹೌದಾ. ಹಾಗಿದ್ರೆ ಹೆಣದ ಪಕ್ಕ ಯಾಕೆ ಕೂತ್ರಿ?”

ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು, ನನಗಿಟ್ಟಿದ್ದ ಸ್ಟೂಲಿನ ಮೇಲೆ ತಾನೇ ಕುಸಿದ. ಆ ದಿನ ಬೆಳಿಗ್ಗೆ ಬೀದಿಯಲ್ಲಿ ಅವನಿಗೂ ಭಾವನಿಗೂ ಜಗಳವಾಗಿತ್ತು. ಅವನ ಅಕ್ಕ ತೀರಿಕೊಂಡ ಮೇಲೆ ಅವಳ ಹೊಲಿಗೆ ಮೆಷಿನ್ನನ್ನು ಭಾವ ಕೊಟ್ಟಿರಲಿಲ್ಲ, ಅದು ಅವಳ ನೆನಪು ಎಂದು ತಮ್ಮ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಇವನಿಗೂ ಅದು ಅವಳ ನೆನಪೇ. ಸಿಟ್ಟಿನಲ್ಲಿ, ನಿಮ್ಮ ಕಥೆ ಮುಗಿಸುತ್ತೇನೆ ಎಂದು ಹತ್ತು ಜನರ ಮುಂದೆ ಕೂಗಿದ್ದ. ನಾಲ್ಕರ ಹೊತ್ತಿಗೆ ಸಿಟ್ಟು ಇಳಿದು, ಕ್ಷಮೆ ಕೇಳೋಣವೆಂದು ಹೋದರೆ ಭಾವ ಕುರ್ಚಿಯಲ್ಲಿ ಒರಗಿದ್ದರು, ಉಸಿರಿರಲಿಲ್ಲ.

“ಕೈ ಮುಟ್ಟಿ ನೋಡ್ದೆ, ಇನ್ನೂ ಬೆಚ್ಚಗಿತ್ತು,” ಎಂದ. “ಬೆಳಿಗ್ಗೆ ಕೂಗಾಡಿದ್ದೀನಿ. ಈಗ ಹೊರಗೆ ಹೋಗಿ ಸತ್ತಿದಾರೆ ಅಂದ್ರೆ ಯಾರು ನಂಬ್ತಾರೆ ಹೇಳಿ.”

ಡಬ್ಬಿ ಎದುರಿನ ಮೇಜಿನ ಮೇಲೆ ಸಿದ್ಧವಾಗಿತ್ತಂತೆ. ಇಬ್ಬರೂ ಅಕ್ಕಪಕ್ಕ ಕೂತ ಫೋಟೋ ಒಂದಿದ್ದರೆ ರಾಜಿಯಾಗಿದ್ದೆವು ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ ಎಂದು ಆ ಗಾಬರಿಯಲ್ಲಿ ಹೊಳೆಯಿತು. ಟೇಪು ಕಿತ್ತ, ಬಂದು ಕೂತ. ಗೋಡೆಯ ಗಡಿಯಾರ ನೋಡುತ್ತ ಭಾವ ಹೇಳುತ್ತಿದ್ದಷ್ಟು ಹೊತ್ತು ಕೂತು, ಎದ್ದು, ಟೇಪು ಅಂಟಿಸಿ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಭಾವ ಎಂದಾದರೂ ಸುಮ್ಮನೆ ಕೂರುತ್ತಿದ್ದರಾ ಎಂಬುದು ಮಾತ್ರ ತಲೆಗೆ ಬರಲಿಲ್ಲ.

“ಆ ಒಬ್ಬ ಬಡಪಾಯಿ ಲಾಕಪ್ಪಿನಲ್ಲಿ ಕೂತಿದಾನಲ್ಲ, ಅದು ತಲೆಗೆ ಬಂತಾ?”

ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ನನಗೆ ಬಂದಿತ್ತು. ಆದರೆ ಸಿಟ್ಟಿನ ಕೆಳಗೆ ಇನ್ನೊಂದೇನೋ ಕೊರೆಯುತ್ತಿತ್ತು. ಇವನು ಹೇಡಿ, ಸುಳ್ಳುಗಾರ. ಕೊಲೆಗಾರನ ಗಟ್ಟಿತನ ಇವನಲ್ಲಿರಲಿಲ್ಲ. ಈ ಕಥೆಯನ್ನೇ ಸ್ಟೇಷನ್ನಿನಲ್ಲಿ ಹೇಳುತ್ತೀರಾ ಎಂದು ಕೇಳಿದೆ. ಹೇಳುತ್ತೇನೆ ಎಂದ. ಹೊರಡುವ ಮುಂಚೆ ಹಾಳೆಯನ್ನು ಇನ್ನೊಮ್ಮೆ ಹತ್ತಿರಕ್ಕೆ ಎಳೆದುಕೊಂಡು, ಅದರಲ್ಲಿನ ತನ್ನ ಬಲಗೈಯ ಮೇಲೆ ಬೆರಳಿಟ್ಟ.

“ಮೇಡಂ, ಇದೇನಿದು?”

ಕರಿ ತೋಳಿನ ತುದಿಯಲ್ಲಿ, ಮಣಿಕಟ್ಟಿನ ಹತ್ತಿರ, ಬೆಳ್ಳಗಿನ ಒಂದು ಗುಂಡು ಚುಕ್ಕೆ. ವಾಚಿರಬೇಕು ಎಂದೆ.

“ನಾನು ವಾಚು ಕಟ್ಟಲ್ಲ. ಬಟ್ಟೆಗೆ ಸಿಕ್ಕೊಳ್ಳುತ್ತೆ ಅಂತ ಯಾವತ್ತೂ ಕಟ್ಟಿದವನಲ್ಲ. ಯಾರನ್ನ ಬೇಕಾದ್ರೂ ಕೇಳಿ.”

ನಾನು ಬಗ್ಗಿ ಆ ಚುಕ್ಕೆಯನ್ನು ಮತ್ತೆ ನೋಡಿದೆ.

“ಟೇಪು ತೆಗೆಯೋ ಮುಂಚೆ ಡಬ್ಬಿಯ ತಿರುಪು ತಿರುಗಿಸಿದ್ರಾ?”

“ಯಾವ ತಿರುಪು?”

ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಮೊದಲು ಗೋಡೆಯ ಗಡಿಯಾರ ನೋಡಿದೆ. ಅಂಕಿಗಳು ಸರಿಯಾಗಿದ್ದವು, ಅಂದರೆ ಚಿತ್ರ ತಿರುವುಮುರುವಾಗಿರಲಿಲ್ಲ, ಬಲಗೈ ಬಲಗೈಯೇ. ಕಾಲು ಗಂಟೆ ತೆರೆದಿಟ್ಟ ಚಿತ್ರದಲ್ಲಿ ನಿಮಿಷದ ಮುಳ್ಳು ಬರುವುದಿಲ್ಲ, ಅದು ಸಾಗಿದ ದಾರಿ ಮಾತ್ರ ಮಸಿ ಒರೆಸಿದ ಹಾಗೆ ಬರುತ್ತದೆ. ಡಯಲಿನ ಬಲಗಡೆ ಅಂಥದೊಂದು ಮಸಿ ಇತ್ತು. ಅದು ನಾಲ್ಕು ದಾಟಿದ ಮೇಲಿನದು, ಟೈಲರನದು.

ಎಡಗಡೆ ಇನ್ನೊಂದಿತ್ತು, ಗಂಟೆ ನಾಲ್ಕಾಗುವ ಮುಂಚಿನದು. ಇಷ್ಟು ಹೊತ್ತೂ ಅದನ್ನು ಗಾಜಿನ ಕೊಳೆ ಎಂದುಕೊಂಡಿದ್ದೆ.

ಒಂದೇ ಚೌಕಟ್ಟಿನ ಮೇಲೆ ಡಬ್ಬಿ ಎರಡು ಸಲ ಕಣ್ಣು ತೆರೆದಿತ್ತು. ಟೇಪು ಮುಚ್ಚಿದೊಡನೆ ತಿರುಪು ತಿರುಗಿಸಿ ಫಿಲ್ಮನ್ನು ಮುಂದಕ್ಕೆ ಸರಿಸುವುದು ದೊಡ್ಡಪ್ಪನ ಪದ್ಧತಿ. ಅದಾಗದೆ ಮಾತು ಕೂಡ ಆಡುವವರಲ್ಲ ಎಂದು ಹುಡುಗಿಯೇ ಹೇಳಿದ್ದಳು. ಮೊದಲ ಸಲ ಟೇಪು ಮುಚ್ಚಿದ್ದು ಅವರಲ್ಲ, ತಿರುಪು ತಿರುಗಿಸಿದ್ದೂ ಇಲ್ಲ. ಏಕೆಂದರೆ ಅಷ್ಟರೊಳಗೆ ಅವರು ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ.

ತಲೆಯ ಹಿಂದಿನ ಆ ತುಸು ಹೊಗೆಯನ್ನು ಈಗ ನೋಡಿದೆ. ಅದು ತೂಗುತ್ತಿದ್ದ ದೊಡ್ಡಪ್ಪ. ನಾಲ್ಕಕ್ಕೆ ಮುಂಚೆ, ಮೊದಲ ಸಲ ಟೇಪು ಕಿತ್ತಾಗ ಅವರು ಬದುಕಿದ್ದರು. ಟೀ ಕುಡಿದಿದ್ದರು. ಎಂದಿನಂತೆ ತೂಗಿಕೊಳ್ಳುತ್ತ ಕಥೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಕುರ್ಚಿ ನಿಧಾನವಾಗಿ ನಿಂತುಹೋಯಿತು. ಒಬ್ಬ ಮನುಷ್ಯನ ಜೀವ ಹೋಗುವುದನ್ನು ಆ ಬಿಸ್ಕತ್ತಿನ ಡಬ್ಬಿ ಕಣ್ಣಿಟ್ಟು ನೋಡಿತ್ತು.

ಅದನ್ನು ಪಕ್ಕದಲ್ಲೇ ಕೂತು ನೋಡಿದ ಇನ್ನೊಬ್ಬರಿದ್ದರು, ಟೈಲರನ ಮುಖದ ಅಡಿಯಲ್ಲಿ ಕಲಸಿಹೋದ ಮುಖ. ಬಲಗೈಗೆ ದೊಡ್ಡ ಡಯಲಿನ ವಾಚು ಕಟ್ಟುವವರು.

ಸೋಪಿನ ಹಲಗೆಯ ಮೇಲಿಟ್ಟ ಸದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

ಅವಳು ಅಲ್ಲಿದ್ದಳು ಎಂಬುದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಆ ಚುಕ್ಕೆ. ಅದರ ಅಂಚು ಅಷ್ಟು ಚೊಕ್ಕವಾಗಿತ್ತು. ಮಾತಾಡುತ್ತಿದ್ದವರ ತಲೆ ಹಿಂದಕ್ಕೆ ಬಿದ್ದರೆ ಯಾರಾದರೂ ಧಡಕ್ಕನೆ ಏಳುತ್ತಾರೆ, ಭುಜ ಹಿಡಿದು ಅಲುಗಾಡಿಸುತ್ತಾರೆ, ನೀರಿಗೆ ಓಡುತ್ತಾರೆ. ಆ ಚುಕ್ಕೆ ಗೀಚಿಹೋಗಬೇಕಿತ್ತು, ಮಾಯವಾಗಬೇಕಿತ್ತು. ಎತ್ತಿ ಆಡಿಸಿ ಬೆಳೆಸಿದ ದೊಡ್ಡಪ್ಪ ಪಕ್ಕದಲ್ಲೇ ಉಸಿರು ನಿಲ್ಲಿಸುತ್ತಿರುವಾಗ ಅವಳು ಕುರ್ಚಿಯ ಕೈಯ ಮೇಲಿಟ್ಟ ಕೈಯನ್ನು ಎತ್ತಿರಲಿಲ್ಲ.

ಮತ್ತು ಅಸಲಿ ಫಿಲ್ಮು ಅವಳ ಹತ್ತಿರವಿತ್ತು.

ಟೈಲರ್ ಮಾವನಿಗೆ ನೇರ ಸ್ಟೇಷನ್ನಿಗೆ ಹೋಗಿ ಕೂರಲು ಹೇಳಿ ಆಟೋ ಹಿಡಿದೆ. ದಾರಿಯುದ್ದಕ್ಕೂ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು. ಆ ಫಿಲ್ಮು ಇಲ್ಲದೆ ಅವಳ ಅಪ್ಪ ಹೊರಗೆ ಬರುವುದಿಲ್ಲ. ಆ ಫಿಲ್ಮು ಇದ್ದರೆ ಅವಳು ಒಳಗೆ ಹೋಗುತ್ತಾಳೆ. ತಾನು ಕೂತದ್ದು ಅದೇ ಚೌಕಟ್ಟಿನಲ್ಲಿದೆ ಎಂದು ಚಿತ್ರ ನೋಡಿದೊಡನೆ ಅವಳಿಗೆ ತಿಳಿದಿರಬೇಕು. ಆದರೂ ಮಾವನನ್ನು ಬೆರಳು ಮಾಡಿ ತೋರಿಸಿದಳು. ಅಪ್ಪನನ್ನು ಬಿಡುತ್ತಾರಲ್ಲ ಎಂದು ಕೇಳಿದಳು, ಆಗ ಅವಳ ದನಿ ನಡುಗಿದ್ದು ನಾಟಕವಾಗಿರಲಿಲ್ಲ. ದೊಡ್ಡಪ್ಪನ ಮೇಲೆ ಅವಳಿಗೆ ಅಂಥ ಯಾವ ಹಗೆ ಇತ್ತು, ಅದೊಂದು ನನಗೆ ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರಿಗೆ ಫೋನು ಮಾಡಿದೆ. ಅವರು ಎತ್ತಲಿಲ್ಲ.

ನನ್ನ ಮನೆಯ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಒಳಗೆ ಹೋಗುವಾಗಲೇ ಬಚ್ಚಲುಮನೆಯ ಕಡೆ ಕಣ್ಣು ಹೋಯಿತು. ಹಗ್ಗದಲ್ಲಿ ಎರಡು ಕ್ಲಿಪ್ಪು ಮಾತ್ರ ಇದ್ದವು.

ಹುಡುಗಿ ಹಾಲಿನಲ್ಲಿ ನನ್ನ ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಎರಡೂ ಕೈ ಕುರ್ಚಿಯ ಕೈಗಳ ಮೇಲೆ, ಬಲಗೈಯಲ್ಲಿ ವಾಚು. ನನ್ನ ಕೈಯ ಹಾಳೆಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು. ಬೇರೆ ಏನೂ ಅಲುಗಾಡಲಿಲ್ಲ. ಮುಂದಿನ ಮೇಜಿನ ಮೇಲೆ ಎರಡು ಲೋಟ ಇದ್ದವು, ಒಂದು ಅವಳು ಕುಡಿದು ಮುಗಿಸಿದ್ದು, ಇನ್ನೊಂದರಲ್ಲಿ ಹಬೆಯಾಡುತ್ತಿತ್ತು.

“ಬಾಗಿಲು ಹಾಕ್ಕೊಂಡು ಬನ್ನಿ ಮೇಡಂ,” ಎಂದಳು. “ಟೀ ಆರಿಹೋಗುತ್ತೆ.”